ನಡುಗಡಲಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ

ಪಿಯುಸಿ ಫಲಿತಾಂಶ ಹೊರಬಿದ್ದ ವಾರ ಒಂದು ಬಗೆಯ ಜಾಹೀರಾತು ಎಲ್ಲೆಡೆ ಕಾಣಿಸಿಕೊಳ್ಳುತ್ತದೆ. ಬೆಳ್ಳನೆಯ ಸಮವಸ್ತ್ರ, ಹೆಗಲ ಮೇಲೆ ಚಿನ್ನದ ಪಟ್ಟಿ, ಹಿಂದೆ ನೀಲಿ ಸಮುದ್ರ, ಕೆಳಗೆ ಡಾಲರ್ ಲೆಕ್ಕದಲ್ಲಿ ಸಂಬಳ. ಅದನ್ನು ನೋಡಿ ಮಗನ ಕಣ್ಣು ಅರಳುತ್ತದೆ, ತಾಯಿಯ ಎದೆ ಝಲ್ಲೆನ್ನುತ್ತದೆ, ತಂದೆ ಬ್ಯಾಂಕ್ ಸಾಲದ ಲೆಕ್ಕ ಶುರುಮಾಡುತ್ತಾರೆ. ಈ ಮೂವರಿಗೂ ಆ ಚಿತ್ರ ತಿಳಿಸದ ಸಂಗತಿಯೊಂದಿದೆ. ಹಡಗಿನ ಎಂಜಿನಿಯರ್ ಆ ಬಿಳಿಯ ಬಟ್ಟೆ ತೊಡುವುದು ಅಪರೂಪಕ್ಕೆ. ಅವನ ನಿತ್ಯದ ಉಡುಪು ಎಣ್ಣೆ ಕಲೆಗಳ ಬಾಯ್ಲರ್ ಸೂಟ್. ಅವನು ದಿನ ಕಳೆಯುವ ಜಾಗದಿಂದ ಸಮುದ್ರ ಕಾಣುವುದೂ ಇಲ್ಲ. ಅದು ನೀರಿನ ಮಟ್ಟಕ್ಕಿಂತ ಕೆಳಗಿರುವ, 40 ಡಿಗ್ರಿ ದಾಟಿದ ಸೆಕೆಯ, ಕಿವಿಗೆ ರಕ್ಷಣೆ ಇಲ್ಲದೆ ನಿಲ್ಲಲಾಗದ ಎಂಜಿನ್ ರೂಮು.

ಮೊದಲು ಒಂದು ಗೊಂದಲ ಬಗೆಹರಿಯಲಿ. ಮರ್ಚೆಂಟ್ ನೇವಿ ಎಂದರೆ ನೌಕಾಸೇನೆಯಲ್ಲ. ಅದು ಸರಕು ಸಾಗಿಸುವ ವಾಣಿಜ್ಯ ಹಡಗುಗಳ ಉದ್ಯೋಗ. ಅಲ್ಲಿ ಬಂದೂಕಿಲ್ಲ, ಪಿಂಚಣಿಯ ಭರವಸೆಯೂ ಸಾಮಾನ್ಯವಾಗಿ ಇಲ್ಲ; ಕೆಲಸವೆಲ್ಲ ತಿಂಗಳುಗಳ ಕರಾರಿನ ಮೇಲೆ. ಹಡಗಿನೊಳಗೆ ಅಧಿಕಾರಿಗಳ ಎರಡು ಸಾಲುಗಳಿವೆ. ಹಡಗನ್ನು ದಾರಿಯಲ್ಲಿ ನಡೆಸುವ ಡೆಕ್ ವಿಭಾಗದವರು ಮುಂದೆ ಕಪ್ತಾನರಾಗುತ್ತಾರೆ. ಹಡಗು ನಡೆಯುವಂತೆ ನೋಡಿಕೊಳ್ಳುವ ಎಂಜಿನ್ ವಿಭಾಗದವರು ಚೀಫ್ ಎಂಜಿನಿಯರ್ ಆಗುತ್ತಾರೆ. ಈ ಲೇಖನ ಎರಡನೆಯವರ ಕುರಿತದ್ದು.

ಪಣಂಬೂರಿನ ನವಮಂಗಳೂರು ಬಂದರಿಗೆ ಕಲ್ಲಿದ್ದಲು ಹೊತ್ತು ಬರುವ ಹಡಗು ದೂರದಿಂದ ನೋಡುವವರಿಗೆ ಕಬ್ಬಿಣದ ಒಂದು ಗೋಡೆ, ಅಷ್ಟೆ. ಒಳಗೆ ಹೊಕ್ಕರೆ ಅದೊಂದು ಸಣ್ಣ ಊರು. ಹಲವು ಅಂತಸ್ತಿನ ಕಟ್ಟಡದಷ್ಟು ಎತ್ತರದ ಮುಖ್ಯ ಎಂಜಿನ್, ವಿದ್ಯುತ್ತಿಗೆ ಮೂರೋ ನಾಲ್ಕೋ ಜನರೇಟರ್, ಉಗಿಗೆ ಬಾಯ್ಲರ್, ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ, ಇಂಧನದಿಂದ ನೀರು ಮತ್ತು ಕೊಳೆ ತೆಗೆಯುವ ಪ್ಯೂರಿಫಯರ್, ತರಕಾರಿ ಕೊಳೆಯದಂತೆ ಶೀತಲ ಕೋಣೆ, ಕಕ್ಕಸಿನ ನೀರು ಶುದ್ಧಮಾಡುವ ಘಟಕ. ಊರಿನಲ್ಲಿ ಬೋರ್‌ವೆಲ್ ಪಂಪು ಕೆಟ್ಟರೆ ಫೋನ್ ಮಾಡಿ ಮೆಕ್ಯಾನಿಕ್‌ನನ್ನು ಕರೆಸಬಹುದು. ಅರಬ್ಬೀ ಸಮುದ್ರದ ನಡುವೆ ಯಾರನ್ನು ಕರೆಸುವುದು? ಅಲ್ಲಿರುವ ನಾಲ್ಕೈದು ಎಂಜಿನಿಯರುಗಳೇ ಫಿಟ್ಟರು, ಅವರೇ ವೆಲ್ಡರು, ಅವರೇ ಪ್ಲಂಬರು.

ಎಣ್ಣೆಗೆ ಬಂದ ಬಲ

ಈ ಯಂತ್ರಗಳ ನಡುವೆ ಹೊರಗಿನವರ ಕಣ್ಣಿಗೆ ಬೀಳದೆ, ಹಡಗಿನ ಉದ್ದಗಲಕ್ಕೂ ಹಬ್ಬಿರುವ ವ್ಯವಸ್ಥೆಯೊಂದಿದೆ. ಅದು ಹೈಡ್ರಾಲಿಕ್ಸ್, ಅಂದರೆ ಒತ್ತಡದಲ್ಲಿರುವ ಎಣ್ಣೆಯಿಂದ ಕೆಲಸ ತೆಗೆಯುವ ಏರ್ಪಾಡು. ಲಂಗರಿನ ಸರಪಳಿಯನ್ನು ಎಳೆಯುವ ವಿಂಡ್‌ಲಾಸ್, ಹಗ್ಗ ಬಿಗಿಯುವ ವಿಂಚ್, ಸರಕು ಎತ್ತುವ ಕ್ರೇನ್, ಗೋದಾಮಿನ ಮೇಲಿನ ಭಾರಿ ಮುಚ್ಚಳಗಳು, ತೈಲ ಹಡಗಿನ ದೂರನಿಯಂತ್ರಿತ ವಾಲ್ವುಗಳು ಹೆಚ್ಚಿನ ಹಡಗುಗಳಲ್ಲಿ ಎಣ್ಣೆಯ ಬಲದಿಂದಲೇ ನಡೆಯುತ್ತವೆ. ಹಡಗನ್ನು ತಿರುಗಿಸುವ ಚುಕ್ಕಾಣಿಯ ಯಂತ್ರವೂ ಅದೇ ಬಳಗದ್ದು.

ಇದರ ಮೂಲ ತತ್ವ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಪ್ಯಾಸ್ಕಲ್ 17ನೆಯ ಶತಮಾನದಲ್ಲೇ ಹೇಳಿದ. 4 ಚದರ ಸೆಂಟಿಮೀಟರಿನ ಸಣ್ಣ ಪಿಸ್ಟನ್ನಿನ ಮೇಲೆ 10 ಕಿಲೋ ಭಾರ ಹಾಕಿದರೆ, ಅದೇ ಎಣ್ಣೆಗೆ ತಾಗಿದ 400 ಚದರ ಸೆಂಟಿಮೀಟರಿನ ದೊಡ್ಡ ಪಿಸ್ಟನ್ನು 1000 ಕಿಲೋ ಎತ್ತಬಲ್ಲದು. ಊರಿನ ರಸ್ತೆ ಅಗೆಯುವ ಜೆಸಿಬಿಯ ತೋಳು, ಜಲ್ಲಿ ಸುರಿಯುವ ಟಿಪ್ಪರ್ ಲಾರಿಯ ಬೆನ್ನು ನೋಡಿದವರಿಗೆ ಇದು ಹೊಸತಲ್ಲ. ಹಡಗಿನಲ್ಲಿ ಲೆಕ್ಕ ದೊಡ್ಡದು, ಅಷ್ಟೆ. 30 ಸೆಂಟಿಮೀಟರ್ ವ್ಯಾಸದ ಒಂದು ರ‍್ಯಾಮ್, ಅಂದರೆ ದಪ್ಪ ಪಿಸ್ಟನ್, 200 ಬಾರ್ ಒತ್ತಡದ ಎಣ್ಣೆಯಿಂದ ಸುಮಾರು 140 ಟನ್ ಬಲದಿಂದ ನೂಕುತ್ತದೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಚುಕ್ಕಾಣಿ ಯಂತ್ರದ ಸೊಗಸು ಬರೀ ಬಲದಲ್ಲಿಲ್ಲ, ಅದು ಎಲ್ಲಿ ನಿಲ್ಲಬೇಕೆಂದು ತಿಳಿದಿರುವುದರಲ್ಲಿದೆ. ಮೇಲಿನ ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಚಕ್ರವನ್ನು 10 ಡಿಗ್ರಿ ಬಲಕ್ಕೆ ತಿರುಗಿಸಿದ ಕೂಡಲೇ ಹಡಗಿನ ಹಿಂತುದಿಯಲ್ಲಿರುವ ಪಂಪು ರ‍್ಯಾಮ್‌ಗಳತ್ತ ಎಣ್ಣೆ ನೂಕುತ್ತದೆ. ಚುಕ್ಕಾಣಿ ತಿರುಗತೊಡಗುತ್ತದೆ. ಅದರ ಚಲನೆಯೇ ಸನ್ನೆಗೋಲೊಂದರ ಮೂಲಕ ಪಂಪಿಗೆ ವರದಿ ಒಪ್ಪಿಸುತ್ತಾ ಹೋಗಿ, ಸರಿಯಾಗಿ 10 ಡಿಗ್ರಿ ತಲುಪಿದಾಗ ಎಣ್ಣೆಯ ಹರಿವನ್ನು ಸೊನ್ನೆಗೆ ತರುತ್ತದೆ. ಮನೆಯ ನೀರಿನ ಟ್ಯಾಂಕಿನಲ್ಲಿ ನೀರು ಏರಿದಂತೆ ತೇಲುವ ಗುಂಡು ಮೇಲೆದ್ದು ನಲ್ಲಿಯನ್ನು ತಾನಾಗಿ ಮುಚ್ಚುತ್ತದಲ್ಲ, ಅದೇ ಉಪಾಯ. ಹಂಟಿಂಗ್ ಗೇರ್ ಎಂದು ಇದರ ಹೆಸರು. ಹೊಸ ಹಡಗುಗಳಲ್ಲಿ ಸನ್ನೆಗೋಲಿನ ಕೆಲಸವನ್ನು ವಿದ್ಯುತ್ ಸಂಕೇತಗಳು ಮಾಡುತ್ತವೆ. ಆದರೂ ಹಳೆಯ ಸನ್ನೆಗೋಲನ್ನು ಕೈಯಿಂದ ಆಡಿಸಿ ಅರ್ಥಮಾಡಿಕೊಂಡ ವಿದ್ಯಾರ್ಥಿಗೆ ಹೊಸದು ಬೇಗ ಹಿಡಿಸುತ್ತದೆ ಎಂದು ಈ ವಿಷಯ ಕಲಿಸುವವರು ಹೇಳುವುದುಂಟು.

ಅಮೋಕೊ ಕಾಡಿಜ್ ಕಲಿಸಿದ್ದು

ಈ ಎಣ್ಣೆ ಕೈಕೊಟ್ಟರೆ ಏನಾಗುತ್ತದೆ? 1978ರ ಮಾರ್ಚ್ 16ರ ಬೆಳಿಗ್ಗೆ ಅಮೋಕೊ ಕಾಡಿಜ್ ಎಂಬ ದೈತ್ಯ ತೈಲ ಹಡಗು ಪರ್ಷಿಯನ್ ಕೊಲ್ಲಿಯಿಂದ ಎರಡು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಹೊತ್ತು ಫ್ರಾನ್ಸಿನ ಬ್ರಿಟನಿ ಕರಾವಳಿಯ ಬಳಿ ಸಾಗುತ್ತಿತ್ತು. ಗಾಳಿ ಬಿರುಸಾಗಿತ್ತು, ಅಲೆಗಳು ಎದ್ದಿದ್ದವು. ಹತ್ತು ಗಂಟೆಗೆ ಸ್ವಲ್ಪ ಮುಂಚೆ ಚುಕ್ಕಾಣಿ ಮಾತು ಕೇಳದಾಯಿತು. ಸ್ಟೀರಿಂಗ್ ಗೇರಿನ ಪೈಪು ಸೇರುವ ಜಾಗದ ಸ್ಟಡ್‌ಗಳು ಮುರಿದು ಎಣ್ಣೆ ಹೊರಚಿಮ್ಮಿತ್ತು. ಎಂಜಿನಿಯರುಗಳು ಎಣ್ಣೆ ತುಂಬಿ, ಗಾಳಿ ಹೊರಹಾಕಿ ಸರಿಪಡಿಸಲು ಗಂಟೆಗಟ್ಟಲೆ ಹೆಣಗಿದರು. ತಡೆಹಿಡಿಯಲು ಎಣ್ಣೆಯೇ ಇಲ್ಲದ ಚುಕ್ಕಾಣಿ ಅಲೆಯ ಹೊಡೆತಕ್ಕೆ ಆ ಬದಿಗೊಮ್ಮೆ ಈ ಬದಿಗೊಮ್ಮೆ ಅಪ್ಪಳಿಸುತ್ತಿದ್ದಾಗ ಹತ್ತಿರ ನಿಲ್ಲುವುದೇ ಪ್ರಾಣಾಪಾಯ. ಪೆಸಿಫಿಕ್ ಎಂಬ ಜರ್ಮನ್ ಟಗ್ ದೋಣಿ ಬಂದು ಎಳೆಯಿತು, ಹಗ್ಗ ಕಡಿಯಿತು, ಮತ್ತೆ ಕಟ್ಟಿದರು. ರಾತ್ರಿ ಒಂಬತ್ತರ ಸುಮಾರಿಗೆ ಹಡಗು ಪೋರ್ಸಾಲ್ ಎಂಬ ಹಳ್ಳಿಯ ಎದುರಿನ ಬಂಡೆಗಳಿಗೆ ಬಡಿಯಿತು. ಸಿಬ್ಬಂದಿಯನ್ನು ಹೆಲಿಕಾಪ್ಟರುಗಳು ಎತ್ತಿ ಉಳಿಸಿದವು. ಆದರೆ ತೈಲವೆಲ್ಲ ಸಮುದ್ರದ ಪಾಲಾಯಿತು. ನೂರಾರು ಕಿಲೋಮೀಟರ್ ಕರಾವಳಿ ಕಪ್ಪಾಯಿತು, ಸಿಂಪಿ ಸಾಕುವವರ ಬದುಕು ಮುಳುಗಿತು, ಹಕ್ಕಿಗಳು ಸಾವಿರಗಟ್ಟಲೆ ಸತ್ತವು.

ಈ ಕಥೆಯನ್ನು ಪರಿಸರದ ಪಾಠವಾಗಿ ಹೇಳುವವರು ಬಹಳ. ಎಂಜಿನಿಯರಿಂಗ್ ವಿದ್ಯಾರ್ಥಿ ಓದಬೇಕಾದ ಭಾಗ ಬೇರೆ ಇದೆ. ಅಮೆರಿಕದ ಷಿಕಾಗೋದಲ್ಲಿ ನಡೆದ ಮೊಕದ್ದಮೆಯಲ್ಲಿ 1984ರಲ್ಲಿ ನ್ಯಾಯಾಧೀಶರು ಕಂಪನಿಯನ್ನು ಹೊಣೆ ಮಾಡಿದರು. ಅವರು ಎತ್ತಿಹೇಳಿದ ತಪ್ಪುಗಳಲ್ಲಿ ಚುಕ್ಕಾಣಿ ಯಂತ್ರವನ್ನು ಸುಸ್ಥಿತಿಯಲ್ಲಿ ಇಡದಿದ್ದುದು ಒಂದಾದರೆ, ಅದರ ನಿರ್ವಹಣೆ, ತಪಾಸಣೆ, ದುರಸ್ತಿಯಲ್ಲಿ ಸಿಬ್ಬಂದಿಗೆ ಸಾಕಷ್ಟು ತರಬೇತಿ ಕೊಡದಿದ್ದುದು ಇನ್ನೊಂದು. ಹಡಗಿನ ಎಂಜಿನಿಯರನ ತರಬೇತಿ ನ್ಯಾಯಾಲಯದ ಕಟಕಟೆ ಏರುವಷ್ಟು ಗಂಭೀರ ವಿಷಯ ಎಂದಾಯಿತು.

ಆ ದುರಂತದ ನಂತರ ಅಂತರರಾಷ್ಟ್ರೀಯ ನಿಯಮಗಳು ಬಿಗಿಯಾದವು. 10,000 ಟನ್ನೇಜು ಮೀರಿದ ತೈಲ ಹಡಗುಗಳಲ್ಲಿ ಚುಕ್ಕಾಣಿ ವ್ಯವಸ್ಥೆಯ ಒಂದು ಭಾಗ ಕೆಟ್ಟರೆ 45 ಸೆಕೆಂಡಿನೊಳಗೆ ಹಿಡಿತ ಮರಳಿ ಸಿಗಬೇಕು. ಮುಖ್ಯ ಸ್ಟೀರಿಂಗ್ ಗೇರು ಪೂರ್ಣ ವೇಗದಲ್ಲಿ ಚುಕ್ಕಾಣಿಯನ್ನು ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30 ಡಿಗ್ರಿಗೆ 28 ಸೆಕೆಂಡಿನೊಳಗೆ ತರಬೇಕು. ಹಡಗು ಹೊರಡುವ ಮುಂಚಿನ 12 ಗಂಟೆಯೊಳಗೆ ಅದನ್ನು ಪರೀಕ್ಷಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ತುರ್ತು ಚುಕ್ಕಾಣಿಯ ಅಣಕು ಕಾರ್ಯಾಚರಣೆ ನಡೆಸಲೇಬೇಕು. 28 ಮತ್ತು 45 ಎಂಬ ಈ ಎರಡು ಅಂಕಿಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮೆರೈನ್ ಎಂಜಿನಿಯರ್ ಹೇಳಬಲ್ಲ.

ಹಳೆಯ ಕಥೆ ಎನ್ನುವವರಿಗೆ ಹೊಸದೊಂದಿದೆ. 2024ರ ಮಾರ್ಚ್ 26ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಹೊರಟ ಡಾಲಿ ಎಂಬ ಕಂಟೇನರ್ ಹಡಗಿನಲ್ಲಿ ವಿದ್ಯುತ್ ಹೋಯಿತು. ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು. ಸುಮಾರು ನಾಲ್ಕು ನಿಮಿಷದಲ್ಲಿ ಹಡಗು ಸೇತುವೆಯ ಕಂಬಕ್ಕೆ ಬಡಿದು, ಮೇಲೆ ರಸ್ತೆ ದುರಸ್ತಿಯಲ್ಲಿದ್ದ ಆರು ಮಂದಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಮೊದಲ ಕತ್ತಲೆಗೆ ಕಾರಣ ಸರಿಯಾಗಿ ಕೂರದೆ ಸಡಿಲವಾಗಿದ್ದ ಒಂದು ತಂತಿ ಎಂದು 2025ರ ನವೆಂಬರಿನಲ್ಲಿ ಅಲ್ಲಿಯ ತನಿಖಾ ಮಂಡಳಿ ಹೇಳಿತು. ತಂತಿಗೆ ಅಂಟಿಸಿದ್ದ ಹೆಸರುಪಟ್ಟಿಯೇ ಅದು ಪೂರ್ತಿ ಒಳಹೋಗದಂತೆ ತಡೆದಿತ್ತು. ವಿದ್ಯುತ್ ಇಲ್ಲದಿದ್ದರೆ ಚುಕ್ಕಾಣಿಯ ಪಂಪು ತಿರುಗುವುದಿಲ್ಲ, ಪಂಪು ತಿರುಗದಿದ್ದರೆ ಎಣ್ಣೆಗೆ ಬಲವಿಲ್ಲ.

ಕೈಗೆ ಬರಬೇಕಾದ ವಿದ್ಯೆ

ಮೆರೈನ್ ಎಂಜಿನಿಯರಿಂಗ್ ಸೇರಿದ ವಿದ್ಯಾರ್ಥಿಗೆ ಮೊದಲು ಸಿಗುವುದು ಕಂಪ್ಯೂಟರ್ ಅಲ್ಲ, ಅರ. ಕಬ್ಬಿಣದ ತುಂಡೊಂದನ್ನು ವೈಸ್‌ಗೆ ಬಿಗಿದು ಚೌಕಾಕಾರಕ್ಕೆ ಅರದಿಂದ ಉಜ್ಜಬೇಕು. ಮಟ್ಟಗೋಲು ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಿಂದ ಬೆಳಕು ತೂರಿದರೆ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಎಂಜಿನಿಯರ್ ಆಗಲು ಬಂದ ಮಗನಿಗೆ ಕಮ್ಮಾರನ ಕೆಲಸ ಏಕೆ ಎಂದು ತಂದೆತಾಯಂದಿರು ಬೇಸರಿಸುವುದುಂಟು. ಬಂದರಿನಿಂದ ಹತ್ತು ದಿನದ ದೂರದಲ್ಲಿ ಪಂಪಿನ ಭಾಗವೊಂದು ಸವೆದು ಬಿಡಿಭಾಗ ಇಲ್ಲದಾಗ ಅದನ್ನು ಮಾಡಿಕೊಳ್ಳಬೇಕಾದವನು ಇವನೇ ಎಂಬುದು ಅವರಿಗೆ ಆಗ ತೋಚುವುದಿಲ್ಲ. ಅರದ ನಂತರ ಲೇತು, ವೆಲ್ಡಿಂಗು, ಪೈಪು ಜೋಡಣೆ.

ಹೈಡ್ರಾಲಿಕ್ಸ್ ಪ್ರಯೋಗಾಲಯದಲ್ಲಿ ಕಲಿಯುವ ಮೊದಲ ಪಾಠ ಸ್ವಚ್ಛತೆ. ಈ ಯಂತ್ರಗಳು ಕೆಡಲು ಅತಿ ದೊಡ್ಡ ಕಾರಣ ಎಣ್ಣೆಯಲ್ಲಿ ಸೇರಿದ ಕೊಳೆ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬರಿಗಣ್ಣಿಗೆ ಕಾಣುವ ಕಣ 40 ಮೈಕ್ರಾನಿನ ಆಸುಪಾಸಿನದು. ಪಿಸ್ಟನ್ ಪಂಪಿನೊಳಗೆ ಉಜ್ಜುವ ಭಾಗಗಳ ನಡುವಿನ ಸಂದಿ ಕೆಲವೇ ಮೈಕ್ರಾನು. ಕಣ್ಣಿಗೆ ಸ್ವಚ್ಛವಾಗಿ ಹೊಳೆಯುವ ಎಣ್ಣೆಯೂ ಪಂಪನ್ನು ಕೊಲ್ಲಬಲ್ಲದು. ಅಂಗಡಿಯಿಂದ ಬಂದ ಹೊಸ ಡ್ರಮ್ಮಿನ ಎಣ್ಣೆಯನ್ನೂ ಫಿಲ್ಟರಿನ ಮೂಲಕವೇ ತುಂಬಬೇಕು. ಬಿಚ್ಚಿದ ಪೈಪಿನ ಬಾಯಿ ಮುಚ್ಚಬೇಕು. ನೂಲು ಬಿಡುವ ಬಟ್ಟೆಯಿಂದ ಒರೆಸಕೂಡದು. ಎಣ್ಣೆ ಹಾಲಿನಂತೆ ಬೆಳ್ಳಗಾದರೆ ನೀರು ಸೇರಿದೆ. ಪಂಪಿನ ಸದ್ದು ಬದಲಾಗಿ, ಚುಕ್ಕಾಣಿ ಎಳೆದೆಳೆದು ನಡೆದರೆ ಗಾಳಿ ಸೇರಿರಬಹುದು. ಎಣ್ಣೆ ಒತ್ತಡಕ್ಕೆ ಕುಗ್ಗುವುದು ತೀರ ಕಡಿಮೆ, ಗಾಳಿಯೋ ಸ್ಪಂಜಿನಂತೆ ಕುಗ್ಗುತ್ತದೆ. ಅದಕ್ಕೇ ಈ ಎಳೆದಾಟ.

ಎರಡನೆಯ ಪಾಠ ಪ್ರಾಣಕ್ಕೆ ಸಂಬಂಧಿಸಿದ್ದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯ ಎಳೆ ಕಣ್ಣಿಗೆ ಕಾಣದಿರಬಹುದು. ಸೋರಿಕೆ ಎಲ್ಲಿದೆ ಎಂದು ಕೈಯಾಡಿಸಿ ಹುಡುಕಿದರೆ ಎಣ್ಣೆ ಚರ್ಮ ಸೀಳಿ ಒಳಹೊಗುತ್ತದೆ. ಗಾಯ ಚುಕ್ಕಿಯಷ್ಟೇ ಕಾಣುತ್ತದೆ, ನೋವೂ ಮೊದಮೊದಲು ಅಷ್ಟಿರುವುದಿಲ್ಲ. ಶಸ್ತ್ರಚಿಕಿತ್ಸೆ ತಡವಾದರೆ ಬೆರಳೋ ಕೈಯೋ ಕಳೆದುಕೊಳ್ಳಬೇಕಾಗುತ್ತದೆ. ಹತ್ತಿರದ ಆಸ್ಪತ್ರೆ ಸಾವಿರ ಕಿಲೋಮೀಟರ್ ದೂರವಿರುವವನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಹುಡುಕಬೇಕು. ಪೈಪು ಬಿಚ್ಚುವ ಮೊದಲು ಪಂಪು ನಿಲ್ಲಿಸಿ, ಒಳಗಿನ ಒತ್ತಡ ಇಳಿಸಿ, ಯಾರೂ ಅರಿಯದೆ ಚಾಲೂ ಮಾಡದಂತೆ ಬೀಗ ಹಾಕಿ ಚೀಟಿ ತೂಗಬೇಕು.

ಹೈಡ್ರಾಲಿಕ್ಸ್ ಈಗ ಮುಖ್ಯ ಎಂಜಿನ್ನಿನೊಳಗೂ ನುಗ್ಗಿದೆ. 2006ರಲ್ಲಿ ನೀರಿಗಿಳಿದ ಎಮ್ಮಾ ಮೇರ್ಸ್ಕ್ ಕಂಟೇನರ್ ಹಡಗಿನ 14 ಸಿಲಿಂಡರಿನ ಎಂಜಿನ್ 80,080 ಕಿಲೋವ್ಯಾಟ್ ಶಕ್ತಿಯದು. ಆ ಮಾದರಿಯಲ್ಲಿ ಹಳೆಯ ಕ್ಯಾಮ್‌ಷಾಫ್ಟ್ ಇಲ್ಲ. ಹೊಗೆ ಬಿಡುವ ವಾಲ್ವುಗಳನ್ನು ತೆರೆಯುವುದು ಎಣ್ಣೆಯ ಒತ್ತಡ, ಯಾವಾಗ ತೆರೆಯಬೇಕೆಂದು ಹೇಳುವುದು ಎಲೆಕ್ಟ್ರಾನಿಕ್ಸ್. ಹೀಗಾಗಿ ಇಂದಿನ ವಿದ್ಯಾರ್ಥಿ ಸ್ಪ್ಯಾನರ್ ಹಿಡಿಯುವುದರ ಜತೆಗೆ ಸರ್ಕ್ಯೂಟ್ ನಕ್ಷೆಯನ್ನೂ ಓದಬೇಕು.

ನಾವಿಕರ ತರಬೇತಿಗೆ ಅಂತರರಾಷ್ಟ್ರೀಯ ಒಪ್ಪಂದವೊಂದು 1978ರಲ್ಲೇ ಬಂದಿತು. 1995 ಮತ್ತು 2010ರಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ತಿದ್ದಲಾಯಿತು. ಪುಸ್ತಕದ ಜ್ಞಾನ ಸಾಲದು, ಕೆಲಸ ಮಾಡಿ ತೋರಿಸಬೇಕು ಎಂಬುದು ಈ ತಿದ್ದುಪಡಿಗಳ ಒತ್ತು. ಅದರಿಂದಾಗಿ ಎಂಜಿನ್ ರೂಮಿನ ಸಿಮ್ಯುಲೇಟರುಗಳು ಕಾಲೇಜುಗಳಿಗೆ ಬಂದಿವೆ. ಕಂಪ್ಯೂಟರಿನ ಮುಂದೆ ಕೂತು ವಿದ್ಯುತ್ ಹೋದಂತೆ, ಪಂಪು ನಿಂತಂತೆ ಅಭ್ಯಾಸ ಮಾಡಬಹುದು. ಒಳ್ಳೆಯದೇ. ಆದರೆ ಸಿಮ್ಯುಲೇಟರಿನಿಂದ ಸುಟ್ಟ ಎಣ್ಣೆಯ ವಾಸನೆ ಬರುವುದಿಲ್ಲ, ಬೇರಿಂಗಿನ ಬಿಸಿ ಅಂಗೈಗೆ ತಿಳಿಯುವುದಿಲ್ಲ. ಅದಕ್ಕಾಗಿಯೇ ಹಡಗಿಗೆ ಹೋದ ಹೊಸ ಜೂನಿಯರ್‌ಗೆ ಸೆಕೆಂಡ್ ಎಂಜಿನಿಯರ್ ಮೊದಲು ಒಪ್ಪಿಸುವ ಕೆಲಸ ಪೈಪುಗಳ ಜಾಡು ಹಿಡಿಯುವುದು. ಟಾರ್ಚು ಹಿಡಿದು, ನೆಲದ ತಗಡಿನ ಕೆಳಗೆ ತೆವಳಿ, ಪ್ರತಿ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಕಂಡು ನಕ್ಷೆ ಬರೆದು ತೋರಿಸಬೇಕು. ತಪ್ಪಿದ್ದರೆ ಮರಳಿ ತೆವಳಬೇಕು.

ತುರ್ತು ಚುಕ್ಕಾಣಿಯ ಅಭ್ಯಾಸ ನೋಡುವಂಥದ್ದು. ಬ್ರಿಜ್‌ನಿಂದ ಬರುವ ನಿಯಂತ್ರಣ ಕಡಿದಿದೆ ಎಂದು ಭಾವಿಸಿ ಎಂಜಿನಿಯರುಗಳು ಹಡಗಿನ ಹಿಂತುದಿಯ ಕೋಣೆಗೆ ಓಡುತ್ತಾರೆ. ಅಲ್ಲಿ ಪಂಪಿನ ಪಕ್ಕದಲ್ಲೇ ನಿಂತು ಕೈಯಿಂದ ಎಣ್ಣೆಯ ವಾಲ್ವು ಆಡಿಸಬೇಕು. ಹೊರಗಿನ ಸಮುದ್ರ ಕಾಣದು. ವಿದ್ಯುತ್ತಿಲ್ಲದೆಯೂ ನಡೆಯುವ ಫೋನಿನಲ್ಲಿ ಬ್ರಿಜ್‌ನಿಂದ ‘ಬಲಕ್ಕೆ ಹತ್ತು’ ಎಂಬ ಆಜ್ಞೆ ಬರುತ್ತದೆ. ಇವರು ಅದನ್ನೇ ತಿರುಗಿ ಹೇಳಿ, ಸ್ಕೇಲಿನಲ್ಲಿ ಮುಳ್ಳು ಹತ್ತಕ್ಕೆ ಬಂದಾಗ ಮತ್ತೊಮ್ಮೆ ಹೇಳುತ್ತಾರೆ. ಸರ್ಕಾರಿ ಪರೀಕ್ಷೆಯ ಮೌಖಿಕ ಭಾಗದಲ್ಲಿ ಕೇಳಬಹುದಾದ ಪ್ರಶ್ನೆಯೂ ಇದೇ: ‘ಚುಕ್ಕಾಣಿ ಕೆಟ್ಟಿದೆ, ಏನು ಮಾಡುತ್ತೀ?’ ಬಾಯಿಪಾಠ ಒಪ್ಪಿಸಿದವನು ಎರಡನೆಯ ಮರುಪ್ರಶ್ನೆಗೆ ಸಿಕ್ಕಿಬೀಳುತ್ತಾನೆ.

ದಾರಿ ಯಾವುದು?

ನಮ್ಮ ದೇಶದಲ್ಲಿ ಈ ಶಿಕ್ಷಣಕ್ಕೆ ದೊಡ್ಡ ನೆಲೆ ಸಿಕ್ಕಿದ್ದು 1949ರಲ್ಲಿ ಕಲ್ಕತ್ತ ಮತ್ತು ಮುಂಬೈಗಳಲ್ಲಿ ಸರ್ಕಾರ ತೆರೆದ ತರಬೇತಿ ಕೇಂದ್ರಗಳಿಂದ. ಡಿಎಂಇಟಿ ಎಂಬ ಹೆಸರು ಹಳೆಯ ನಾವಿಕರ ಬಾಯಲ್ಲಿ ಈಗಲೂ ಇದೆ. 2008ರಲ್ಲಿ ಸ್ಥಾಪನೆಯಾದ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ ಅವನ್ನು ತನ್ನೊಳಗೆ ಸೇರಿಸಿಕೊಂಡಿತು. ಚೆನ್ನೈ ಅದರ ಕೇಂದ್ರ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಅದರ ಪ್ರವೇಶ ಪರೀಕ್ಷೆ ಬರೆದು ನಾಲ್ಕು ವರ್ಷದ ಬಿ.ಟೆಕ್. ಸೇರಬಹುದು. ಈ ಮೂರು ವಿಷಯಗಳಲ್ಲಿ ಸರಾಸರಿ 60, ಇಂಗ್ಲಿಷಿನಲ್ಲಿ 50 ಅಂಕ ಬೇಕೆಂಬುದು ಸಾಮಾನ್ಯ ನಿಯಮ; ವಯಸ್ಸು ಮತ್ತಿತರ ವಿವರಗಳಿಗೆ ಆಯಾ ವರ್ಷದ ಮಾಹಿತಿ ಪುಸ್ತಿಕೆ ನೋಡಬೇಕು. ಮೆಕ್ಯಾನಿಕಲ್ ಪದವೀಧರರಿಗೆ ಒಂದು ವರ್ಷದ ಪ್ರತ್ಯೇಕ ಕೋರ್ಸು ಇದೆ. ಪದವಿಯ ನಂತರ ಹಡಗಿನಲ್ಲಿ ನಿಗದಿತ ಕಾಲ ದುಡಿದು, ಸರ್ಕಾರದ ಅರ್ಹತಾ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ ಫೋರ್ತ್, ಥರ್ಡ್, ಸೆಕೆಂಡ್, ಕೊನೆಗೆ ಚೀಫ್ ಎಂಜಿನಿಯರ್.

ವೈದ್ಯಕೀಯ ಪರೀಕ್ಷೆಯನ್ನು ಶುಲ್ಕ ಕಟ್ಟುವ ಮೊದಲೇ ಮಾಡಿಸುವುದು ಜಾಣತನ. ಕನ್ನಡಕಕ್ಕೆ ಒಂದು ಮಿತಿಯವರೆಗೆ ಅವಕಾಶವಿದೆ, ಬಣ್ಣಗುರುಡಿಗೆ ಇಲ್ಲ. ಹೆಣ್ಣುಮಕ್ಕಳೂ ಹಿಂದೆಗೆಯಬೇಕಿಲ್ಲ. ಕಲ್ಕತ್ತದ ಸಂಸ್ಥೆಯಿಂದ 1999ರಲ್ಲಿ ಹೊರಬಂದ ಸೊನಾಲಿ ಬ್ಯಾನರ್ಜಿ ದೇಶದ ಮೊದಲ ಮಹಿಳಾ ಮೆರೈನ್ ಎಂಜಿನಿಯರ್ ಎಂದು ಹೆಸರಾದರು.

ಇನ್ನು ಹೆತ್ತವರಿಗೆ ಎರಡು ಮಾತು. ಪದವಿ ಪಡೆದವರಿಗೆಲ್ಲ ಹಡಗು ಕಾದಿರುವುದಿಲ್ಲ. ಹೊಸಬರಿಗೆ ಮೊದಲ ಹಡಗು ಸಿಗುವುದೇ ಕಷ್ಟ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಲಕ್ಷಗಟ್ಟಲೆ ಕೊಟ್ಟರೆ ಕೆಲಸ ಕೊಡಿಸುತ್ತೇವೆ ಎನ್ನುವ ದಲ್ಲಾಳಿಗಳು ಹುಟ್ಟಿಕೊಳ್ಳುವುದು ಇಲ್ಲೇ. ನಾವಿಕರಿಂದ ಕೆಲಸಕ್ಕಾಗಿ ಹಣ ಪಡೆಯುವುದು ನಿಯಮಬಾಹಿರ. ನೇಮಕ ಮಾಡುವ ಸಂಸ್ಥೆಗೆ ಕೇಂದ್ರ ಸರ್ಕಾರದ ನೌಕಾಯಾನ ಇಲಾಖೆಯ ಪರವಾನಗಿ ಇರಲೇಬೇಕು. ಕಾಲೇಜಿಗೂ ಅದೇ ಇಲಾಖೆಯ ಮಾನ್ಯತೆ ಬೇಕು.

ಮಾನ್ಯತೆ ಖಚಿತವಾದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಮಗನನ್ನೋ ಮಗಳನ್ನೋ ಕರೆದುಕೊಂಡು ಕಾಲೇಜಿಗೆ ಹೋಗಿ. ಸಭಾಂಗಣ, ಈಜುಕೊಳ ತೋರಿಸಿದರೆ ನೋಡಿ, ಬೇಡವೆನ್ನಬೇಡಿ. ಅನಂತರ ವರ್ಕ್‌ಷಾಪ್ ತೋರಿಸಲು ಕೇಳಿ. ಅರಗಳ ಹಲ್ಲು ಸವೆದಿದೆಯೇ, ಲೇತಿನ ಬುಡದಲ್ಲಿ ಲೋಹದ ಸುರುಳಿ ಬಿದ್ದಿದೆಯೇ, ಸ್ಟೀರಿಂಗ್ ಗೇರಿನ ಎಣ್ಣೆಯ ಗಾಜಿನಲ್ಲಿ ಮಟ್ಟ ಕಾಣುತ್ತಿದೆಯೇ, ಬಣ್ಣ ಬಳಿದು ಮ್ಯೂಸಿಯಮ್ಮಿನಂತೆ ನಿಲ್ಲಿಸಿದ್ದಾರೆಯೇ ಗಮನಿಸಿ. ಕೊನೆಗೆ ಪಂಪನ್ನು ಒಮ್ಮೆ ಚಾಲೂ ಮಾಡಿ ತೋರಿಸುವಿರಾ ಎಂದು ವಿನಯದಿಂದ ಕೇಳಿ.